ಲಾಕ್‌ಡೌನ್ ಆದೇಶವನ್ನು ಓದುವುದು, ಪಾಲಿಸುವುದು, ಪ್ರಶ್ನಿಸುವುದು ಹೇಗೆ?

2020ರ ಮಾರ್ಚ್ 24ರ ರಾತ್ರಿ 8 ಗಂಟೆಗೆ ಪ್ರಧಾನಿಯವರು 21 ದಿನಗಳ ಲಾಕ್‌ಡೌನ್ ಘೋಷಿಸಿದರು. ಅದು ಜಾರಿಗೆ ಬಂದದ್ದು ಅದೇ ಮಧ್ಯರಾತ್ರಿ. ನಡುವೆ ಇದ್ದದ್ದು ನಾಲ್ಕು ಗಂಟೆ. ಆ ನಾಲ್ಕು ಗಂಟೆಗಳಲ್ಲಿಯೂ ಅನಂತರದ ವಾರಗಳಲ್ಲಿಯೂ ನಮ್ಮಲ್ಲಿ ಬಹುತೇಕರು ಟಿವಿ ಸುದ್ದಿಯನ್ನೂ ವಾಟ್ಸ್ಆ್ಯಪ್‌ನಲ್ಲಿ ಬಂದದ್ದನ್ನೂ ಆದೇಶವೆಂದು ನಂಬಿ ನಡೆದುಕೊಂಡೆವು. ಮೂಲ ಆದೇಶದಲ್ಲಿ ಏನಿತ್ತು, ಏನಿರಲಿಲ್ಲ, ಅದನ್ನು ಹೊರಡಿಸುವ ಅಧಿಕಾರ ಯಾರಿಗೆ ಎಲ್ಲಿಂದ ಬಂತು ಎಂದು ಓದಿ ನೋಡಿದವರು ಕಡಿಮೆ. ಮುಂದೊಮ್ಮೆ ಇಂತಹ ಆದೇಶ ಬಂದಾಗ ಸಾಮಾನ್ಯ ನಾಗರಿಕರು, ಬಡಾವಣೆಯ ನಿವಾಸಿಗಳ ಸಂಘದವರು, ಗ್ರಾಮ ಪಂಚಾಯಿತಿ ಸದಸ್ಯರು, ಸ್ಥಳೀಯ ವರದಿಗಾರರು ಅದನ್ನು ಹೇಗೆ ಓದಬೇಕು, ಯಾವುದನ್ನು ಮರುಮಾತಿಲ್ಲದೆ ಪಾಲಿಸಬೇಕು, ಯಾವುದನ್ನು ಯಾರ ಮುಂದೆ ಪ್ರಶ್ನಿಸಬೇಕು ಎಂಬುದನ್ನು ಇಲ್ಲಿ ಕರ್ನಾಟಕದ ಅನುಭವವನ್ನು ಮುಂದಿಟ್ಟುಕೊಂಡು ವಿವರಿಸಲಾಗಿದೆ.

ಪ್ರತಿಯೊಂದು ಲಾಕ್‌ಡೌನ್ ಆದೇಶಕ್ಕೂ ಎರಡು ಭಾಗಗಳಿರಬೇಕು: ಜನರು ಏನನ್ನು ಮಾಡಬಾರದು ಎಂಬುದು ಒಂದು, ಹಾಗೆ ತಡೆಯಲ್ಪಟ್ಟವರಿಗೆ ಸರ್ಕಾರ ಏನನ್ನು ಒದಗಿಸುತ್ತದೆ ಎಂಬುದು ಇನ್ನೊಂದು. ಎರಡನೆಯದಿಲ್ಲದ ಆದೇಶ, ಅದರ ಉದ್ದೇಶ ಎಷ್ಟೇ ಒಳ್ಳೆಯದಿರಲಿ, ಅರ್ಧ ಆದೇಶವೇ. ನಾಗರಿಕ ಸ್ವಾತಂತ್ರ್ಯದ ಚರ್ಚೆಯಲ್ಲಿ ನಾವು ಮೊದಲ ಭಾಗದ ಮೇಲೆಯೇ ಕಣ್ಣಿಡುತ್ತೇವೆ. ಆದರೆ ನಮ್ಮ ದೇಶದಲ್ಲಿ ಹೆಚ್ಚು ಜನ ನರಳಿದ್ದು ಎರಡನೆಯ ಭಾಗ ಇಲ್ಲದ್ದರಿಂದ ಎಂಬುದು ನನ್ನ ದೃಢ ಅಭಿಪ್ರಾಯ.

ಮೊದಲು ಮೂಲ ಆದೇಶವನ್ನು ಹುಡುಕಿ ಓದಿ

ಸಚಿವರ ಪತ್ರಿಕಾಗೋಷ್ಠಿ ಆದೇಶವಲ್ಲ, ಪೊಲೀಸ್ ಅಧಿಕಾರಿಯ ಟ್ವೀಟ್ ಆದೇಶವಲ್ಲ, ಆಟೋದಲ್ಲಿ ಮೈಕ್ ಕಟ್ಟಿ ಕೂಗಿಸಿದ್ದು ಕೂಡ ಆದೇಶವಲ್ಲ. ಆದೇಶಕ್ಕೆ ಸಂಖ್ಯೆ, ದಿನಾಂಕ, ಸಹಿ ಇರುತ್ತವೆ. ರಾಜ್ಯ ಸರ್ಕಾರದ್ದಾದರೆ ಮೇಲ್ಗಡೆ ‘ಕರ್ನಾಟಕ ಸರ್ಕಾರದ ನಡವಳಿಗಳು’ ಎಂದಿರುತ್ತದೆ. ಅದರ ಕೆಳಗೆ ‘ಓದಲಾಗಿದೆ’ ಎಂಬ ಪಟ್ಟಿ, ಆಮೇಲೆ ‘ಪ್ರಸ್ತಾವನೆ’, ಕೊನೆಗೆ ಆದೇಶದ ಭಾಗ. ಜನ ಸಾಮಾನ್ಯವಾಗಿ ನೇರವಾಗಿ ಕೊನೆಯ ಭಾಗಕ್ಕೆ ಹೋಗಿ ಅಂಗಡಿ ಎಷ್ಟು ಗಂಟೆಗೆ ಮುಚ್ಚಬೇಕು ಎಂದು ನೋಡಿ ಬಿಟ್ಟುಬಿಡುತ್ತಾರೆ. ಹಕ್ಕಿನ ದೃಷ್ಟಿಯಿಂದ ನೋಡುವವರಿಗೆ ಮೊದಲ ಎರಡು ಭಾಗಗಳೇ ಮುಖ್ಯ. ‘ಓದಲಾಗಿದೆ’ ಎಂಬಲ್ಲಿ ಈ ಆದೇಶ ಯಾವ ಕಾಯ್ದೆಯ, ಯಾವ ಹಿಂದಿನ ಆದೇಶದ, ಯಾವ ಕೇಂದ್ರ ಮಾರ್ಗಸೂಚಿಯ ಆಧಾರದ ಮೇಲೆ ನಿಂತಿದೆ ಎಂಬುದು ತಿಳಿಯುತ್ತದೆ. ‘ಪ್ರಸ್ತಾವನೆ’ಯಲ್ಲಿ ಕಾರಣ ಇರಬೇಕು. ಅಲ್ಲಿ ಸೋಂಕಿನ ಅಂಕಿಅಂಶವಾಗಲಿ, ತಜ್ಞರ ಸಮಿತಿಯ ಶಿಫಾರಸಾಗಲಿ ಇಲ್ಲದೆ ‘ಸಾರ್ವಜನಿಕ ಹಿತದೃಷ್ಟಿಯಿಂದ’ ಎಂಬ ಒಂದೇ ಮಾತಿದ್ದರೆ ಅದನ್ನು ಪೆನ್ಸಿಲಿನಿಂದ ಗುರುತು ಹಾಕಿಟ್ಟುಕೊಳ್ಳಿ; ಮುಂದೆ ಬರೆಯುವ ಮನವಿಯ ಮೊದಲ ಸಾಲು ಅದೇ ಆಗಬೇಕಾದೀತು.

ಆದೇಶವನ್ನು ಪ್ರಕಟಿಸುವುದು ಸರ್ಕಾರದ ಔದಾರ್ಯವಲ್ಲ. 2020ರ ಜನವರಿ 10ರಂದು ಸುಪ್ರೀಂ ಕೋರ್ಟ್ ಅನುರಾಧಾ ಭಾಸಿನ್ ಪ್ರಕರಣದಲ್ಲಿ, ಜಮ್ಮು ಮತ್ತು ಕಾಶ್ಮೀರದ ನಿರ್ಬಂಧಗಳ ಬಗ್ಗೆ ತೀರ್ಪು ನೀಡುತ್ತಾ, ಇಂತಹ ಆದೇಶಗಳನ್ನು ಪ್ರಕಟಿಸಲೇಬೇಕು, ಅವುಗಳಲ್ಲಿ ಕಾರಣಗಳು ಇರಬೇಕು, ನಿಷೇಧಾಜ್ಞೆಯ ಸೆಕ್ಷನ್ 144ರ ಅಡಿ ಮೇಲಿಂದ ಮೇಲೆ ಅದೇ ಆದೇಶವನ್ನು ಹೊರಡಿಸುತ್ತಾ ಹೋಗುವುದು ಅಧಿಕಾರದ ದುರುಪಯೋಗ ಎಂದು ಹೇಳಿತು. ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಕೂಡ ಜನರ ಮೇಲೆ ಪರಿಣಾಮ ಬೀರುವ ನಿರ್ಧಾರಗಳ ಹಿಂದಿನ ಸಂಗತಿಗಳನ್ನು ಯಾರೂ ಕೇಳದೆಯೇ ಪ್ರಕಟಿಸಬೇಕೆನ್ನುತ್ತದೆ.

ಇನ್ನೊಂದು ಸಂಗತಿಯನ್ನು ತಪ್ಪದೆ ನೋಡಿ: ಕೊನೆಯ ದಿನಾಂಕ. ‘ಮುಂದಿನ ಆದೇಶದವರೆಗೆ’ ಎಂದಿದ್ದರೆ ಅದು ಎಚ್ಚರಿಕೆಯ ಗಂಟೆ.

ಅಧಿಕಾರ ಯಾವ ಕಾಯ್ದೆಯಿಂದ ಬಂದಿದೆ ಎಂದು ನೋಡಿ

ಸಾರ್ವಜನಿಕ ಆರೋಗ್ಯವು ಸಂವಿಧಾನದ ರಾಜ್ಯ ಪಟ್ಟಿಯಲ್ಲಿದೆ. ಒಂದು ರಾಜ್ಯದಿಂದ ಇನ್ನೊಂದಕ್ಕೆ ಸೋಂಕು ಹರಡದಂತೆ ತಡೆಯುವುದು ಕೇಂದ್ರ, ರಾಜ್ಯ ಎರಡೂ ಕಾನೂನು ಮಾಡಬಹುದಾದ ಸಮವರ್ತಿ ಪಟ್ಟಿಯಲ್ಲಿದೆ. ಕೋವಿಡ್ ಕಾಲದಲ್ಲಿ ದೇಶದಲ್ಲಿ 352ನೇ ವಿಧಿಯ ತುರ್ತು ಪರಿಸ್ಥಿತಿ ಘೋಷಣೆಯಾಗಿರಲಿಲ್ಲ. ಅಂದರೆ ಮಾತು, ಸಭೆ, ಓಡಾಟ, ಉದ್ಯೋಗ ಮುಂತಾದ 19ನೇ ವಿಧಿಯ ಸ್ವಾತಂತ್ರ್ಯಗಳು ಒಂದು ದಿನವೂ ಅಮಾನತಿನಲ್ಲಿರಲಿಲ್ಲ. ಅವುಗಳ ಮೇಲೆ ‘ಯುಕ್ತ ನಿರ್ಬಂಧ’ವನ್ನು ಮಾತ್ರ ಹೇರಬಹುದಾಗಿತ್ತು. ಇದನ್ನು ಅಧಿಕಾರಿಗಳೊಂದಿಗೆ ಮಾತನಾಡುವಾಗ ಶಾಂತವಾಗಿ ನೆನಪಿಸಿ. ಅನೇಕರಿಗೆ ಇದು ನಿಜವಾಗಿಯೂ ತಿಳಿದಿರುವುದಿಲ್ಲ.

ಆದೇಶಗಳು ಸಾಮಾನ್ಯವಾಗಿ ಮೂರು ಕಡೆಯಿಂದ ಬರುತ್ತವೆ. ಮೊದಲನೆಯದು ಸಾಂಕ್ರಾಮಿಕ ರೋಗಗಳ ಕಾಯ್ದೆ, 1897. ಮುಂಬೈ ಪ್ರಾಂತದ ಪ್ಲೇಗ್ ಕಾಲದಲ್ಲಿ ಬ್ರಿಟಿಷರು ತಂದ, ನಾಲ್ಕೇ ಸೆಕ್ಷನ್‌ಗಳಿದ್ದ ಈ ಪುಟ್ಟ ಕಾಯ್ದೆ ಸರ್ಕಾರಕ್ಕೆ ಅಗತ್ಯವೆನಿಸಿದ ಕ್ರಮಗಳನ್ನೆಲ್ಲ ಕೈಗೊಳ್ಳುವ ಅಧಿಕಾರ ಕೊಟ್ಟಿತು, ಅಧಿಕಾರಿಗಳಿಗೆ ರಕ್ಷಣೆ ಕೊಟ್ಟಿತು. ನಾಗರಿಕರ ಹಕ್ಕಿನ ಬಗ್ಗೆ ಒಂದು ಸಾಲನ್ನೂ ಬರೆಯಲಿಲ್ಲ. ಅದೇ ವರ್ಷ ಪುಣೆಯಲ್ಲಿ ಸೈನಿಕರು ಮನೆಮನೆಗೆ ನುಗ್ಗಿ ಶೋಧಿಸಿದ ರೀತಿ ಎಷ್ಟು ಆಕ್ರೋಶ ಹುಟ್ಟಿಸಿತೆಂದರೆ ಜೂನ್ 22ರಂದು ಪ್ಲೇಗ್ ಸಮಿತಿಯ ಅಧ್ಯಕ್ಷ ರ್ಯಾಂಡ್ ಮೇಲೆ ಚಾಪೇಕರ್ ಸಹೋದರರು ಗುಂಡು ಹಾರಿಸಿದರು. ರೋಗ ನಿಯಂತ್ರಣದ ಹೆಸರಿನಲ್ಲಿ ಜನರ ಮಾನಕ್ಕೆ ಕೈ ಹಾಕಿದರೆ ರೋಗವೂ ನಿಯಂತ್ರಣಕ್ಕೆ ಬರುವುದಿಲ್ಲ ಎಂಬುದಕ್ಕೆ ನಮ್ಮ ಪಕ್ಕದ ರಾಜ್ಯದ ಈ ಚರಿತ್ರೆಯೇ ಸಾಕ್ಷಿ. ಕರ್ನಾಟಕವು 2020ರಲ್ಲಿ ತನ್ನದೇ ಆದ ಸಾಂಕ್ರಾಮಿಕ ರೋಗಗಳ ಕಾಯ್ದೆಯನ್ನು ಮಾಡಿಕೊಂಡಿದೆ. ಮುಂದಿನ ಆದೇಶಗಳಲ್ಲಿ ಅದರ ಹೆಸರನ್ನೂ ನೀವು ಕಾಣಬಹುದು.

ಎರಡನೆಯದು ವಿಪತ್ತು ನಿರ್ವಹಣಾ ಕಾಯ್ದೆ, 2005. ಜಿಲ್ಲಾಧಿಕಾರಿಯು ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಅಧ್ಯಕ್ಷರಾಗಿ, ಮುಖ್ಯ ಕಾರ್ಯದರ್ಶಿಯು ರಾಜ್ಯ ಕಾರ್ಯಕಾರಿ ಸಮಿತಿಯ ಅಧ್ಯಕ್ಷರಾಗಿ ಆದೇಶ ಹೊರಡಿಸುವುದು ಇದರ ಅಡಿಯಲ್ಲಿ. ಉಲ್ಲಂಘನೆಗೆ 51ನೇ ಸೆಕ್ಷನ್ ಪ್ರಕಾರ ಒಂದು ವರ್ಷದವರೆಗೆ, ಅದರಿಂದ ಪ್ರಾಣಹಾನಿಯಾದರೆ ಎರಡು ವರ್ಷದವರೆಗೆ ಸೆರೆವಾಸ ವಿಧಿಸಬಹುದು. ಮೂರನೆಯದು ಎಲ್ಲರಿಗೂ ಗೊತ್ತಿರುವ ನಿಷೇಧಾಜ್ಞೆ. ಹಿಂದೆ ಅದು ಸಿಆರ್‌ಪಿಸಿ ಸೆಕ್ಷನ್ 144. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 163. ಇದರ ಅವಧಿ ಎರಡು ತಿಂಗಳು ಮಾತ್ರ. ರಾಜ್ಯ ಸರ್ಕಾರ ವಿಸ್ತರಿಸಿದರೂ ಅದರ ಮೇಲೆ ಆರು ತಿಂಗಳನ್ನು ಮೀರುವಂತಿಲ್ಲ. ಈ ಆದೇಶದಿಂದ ತೊಂದರೆಗೊಳಗಾದ ಯಾರೇ ಆದರೂ ಅದನ್ನು ರದ್ದುಪಡಿಸಲು ಅಥವಾ ಮಾರ್ಪಡಿಸಲು ಅದೇ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಕೊಡಬಹುದು, ಅರ್ಜಿದಾರರಿಗೆ ಹೇಳಿಕೊಳ್ಳಲು ಬೇಗನೆ ಅವಕಾಶ ಕೊಡಬೇಕು, ಅರ್ಜಿ ತಿರಸ್ಕರಿಸಿದರೆ ಕಾರಣವನ್ನು ಬರೆಯಬೇಕು. ವಕೀಲರ ಹೊರಗೆ ಈ ದಾರಿ ತಿಳಿದವರು ಬಹಳ ಕಡಿಮೆ.

ಮೇಲಿನ ಆದೇಶಕ್ಕೂ ಕೆಳಗಿನದಕ್ಕೂ ತಾಳೆ ಇದೆಯೇ ಎಂದೂ ನೋಡಬೇಕು. 2020ರ ಆಗಸ್ಟ್ ಕೊನೆಯ ಅನ್‌ಲಾಕ್ ಮಾರ್ಗಸೂಚಿಯಲ್ಲಿ ಕೇಂದ್ರ ಗೃಹ ಸಚಿವಾಲಯವು ಕಂಟೇನ್‌ಮೆಂಟ್ ವಲಯದ ಹೊರಗೆ ರಾಜ್ಯಗಳು ತಮ್ಮೊಂದಿಗೆ ಮುಂಚಿತವಾಗಿ ಸಮಾಲೋಚಿಸದೆ ಸ್ಥಳೀಯ ಲಾಕ್‌ಡೌನ್ ಹೇರುವಂತಿಲ್ಲ ಎಂದಿತ್ತು. ಇಂತಹ ಕಾಲದಲ್ಲಿ ತಾಲ್ಲೂಕು ಮಟ್ಟದ ಅಧಿಕಾರಿ ತಾನಾಗಿ ಊರನ್ನು ‘ಸೀಲ್‌ಡೌನ್’ ಮಾಡಿದರೆ, ಅಥವಾ ಅಪಾರ್ಟ್‌ಮೆಂಟ್ ಸಂಘವೊಂದು ಮನೆಗೆಲಸದವರು ಒಳಗೆ ಬರಬಾರದೆಂದು ತನ್ನದೇ ಕಾನೂನು ಮಾಡಿದರೆ, ಅದಕ್ಕೆ ಆಧಾರ ಕೇಳುವುದು ನ್ಯಾಯವೇ ಆಗಿದೆ. ಸಂಘಗಳಿಗೆ ಸರ್ಕಾರದ ಆದೇಶವನ್ನು ಬಿಗಿಗೊಳಿಸುವ ಅಧಿಕಾರ ತಂತಾನೆ ಬರುವುದಿಲ್ಲ.

ನಿರ್ಬಂಧವನ್ನು ತೂಗುವ ಪ್ರಶ್ನೆಗಳು

2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವು ಮೂಲಭೂತ ಹಕ್ಕು ಎಂದು ತೀರ್ಪು ಕೊಟ್ಟಿತು. ಆ ಅರ್ಜಿಯನ್ನು ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಹಕ್ಕಿನ ಮೇಲಿನ ಯಾವುದೇ ನಿರ್ಬಂಧಕ್ಕೆ ಕಾನೂನಿನ ಆಧಾರ ಇರಬೇಕು, ನ್ಯಾಯಯುತ ಉದ್ದೇಶ ಇರಬೇಕು, ಉದ್ದೇಶಕ್ಕೂ ಕ್ರಮಕ್ಕೂ ಪ್ರಮಾಣದ ಹೊಂದಿಕೆ ಇರಬೇಕು ಎಂಬ ಅಳತೆಗೋಲು ಆ ತೀರ್ಪಿನಿಂದ ಗಟ್ಟಿಯಾಯಿತು. ಲಾಕ್‌ಡೌನ್ ಆದೇಶಕ್ಕೆ ಇದನ್ನು ಅನ್ವಯಿಸುವಾಗ ಹೀಗೆ ಕೇಳುತ್ತಾ ಹೋಗಿ: ಈ ನಿರ್ಬಂಧದಿಂದ ಸೋಂಕು ಹರಡುವುದು ನಿಜವಾಗಿಯೂ ತಗ್ಗುತ್ತದೆಯೇ? ಇದಕ್ಕಿಂತ ಕಡಿಮೆ ನೋವಿನ ದಾರಿ ಇದೆಯೇ? ಆಗುವ ಪ್ರಯೋಜನಕ್ಕೂ ಆಗುವ ನಷ್ಟಕ್ಕೂ ಸರಿತೂಕ ಇದೆಯೇ? ಇದು ಎಲ್ಲರಿಗೂ ಒಂದೇ ರೀತಿ ಅನ್ವಯವಾಗುತ್ತಿದೆಯೇ?

ಮೊದಲ ಪ್ರಶ್ನೆಗೆ ಕರ್ನಾಟಕದಲ್ಲಿಯೇ ಒಳ್ಳೆಯ ಉದಾಹರಣೆ ಇದೆ. 2020ರ ಡಿಸೆಂಬರ್ 23ರಂದು ರಾಜ್ಯದಲ್ಲಿ ರಾತ್ರಿ ಕರ್ಫ್ಯೂ ಘೋಷಣೆಯಾಯಿತು. ಜನ ಮಲಗಿರುವ ಹೊತ್ತಿನಲ್ಲಿ ಕರ್ಫ್ಯೂ ಹಾಕಿದರೆ ಹಗಲಿನ ಜನಜಂಗುಳಿಯಿಂದ ಹರಡುವ ಸೋಂಕು ಹೇಗೆ ತಗ್ಗುತ್ತದೆ ಎಂಬ ಪ್ರಶ್ನೆ ಎಲ್ಲ ಕಡೆಯಿಂದ ಎದ್ದಿತು. ಮರುದಿನವೇ, ಜಾರಿಗೆ ಬರುವ ಮೊದಲೇ, ಸರ್ಕಾರ ಅದನ್ನು ಹಿಂಪಡೆಯಿತು. ಅದೇ ವರ್ಷ ಮಾಸ್ಕ್ ಧರಿಸದವರಿಗೆ ನಗರಗಳಲ್ಲಿ 1,000 ರೂಪಾಯಿ, ಉಳಿದೆಡೆ 500 ರೂಪಾಯಿ ದಂಡ ನಿಗದಿಯಾಗಿದ್ದು, ಟೀಕೆ ಬಂದ ಮೇಲೆ ಅಕ್ಟೋಬರ್‌ನಲ್ಲಿ 250 ಮತ್ತು 100ಕ್ಕೆ ಇಳಿಯಿತು. ಮಾಸ್ಕ್ ಧರಿಸಬೇಕೆಂಬ ನಿಯಮ ಉಳಿಯಿತು, ದಿನಗೂಲಿಯವನ ಎರಡು ದಿನದ ದುಡಿಮೆಯನ್ನು ಕಿತ್ತುಕೊಳ್ಳುವ ದಂಡ ಉಳಿಯಲಿಲ್ಲ. ಸಮತೋಲನವೆಂದರೆ ಇದೇ.

ಎರಡನೆಯ ಪ್ರಶ್ನೆಗೆ ಉತ್ತರಿಸಲು ಮಿತಿಗಳು ಬರಹದಲ್ಲಿರಬೇಕು. 2021ರ ಏಪ್ರಿಲ್ 25ರಂದು ಕೇಂದ್ರ ಗೃಹ ಸಚಿವಾಲಯವು ಒಂದು ವಾರದಲ್ಲಿ ಪರೀಕ್ಷೆಗಳ ಪಾಸಿಟಿವಿಟಿ ದರ (ಪರೀಕ್ಷಿಸಿದವರಲ್ಲಿ ಸೋಂಕು ಕಂಡುಬಂದವರ ಪ್ರಮಾಣ) ಶೇ 10 ಅಥವಾ ಅದಕ್ಕಿಂತ ಹೆಚ್ಚಿದ್ದರೆ, ಇಲ್ಲವೇ ಆಮ್ಲಜನಕ ಮತ್ತು ಐಸಿಯು ಹಾಸಿಗೆಗಳು ಶೇ 60ಕ್ಕಿಂತ ಹೆಚ್ಚು ತುಂಬಿದ್ದರೆ ಅಂತಹ ಪ್ರದೇಶದಲ್ಲಿ ಬಿಗಿ ಕ್ರಮ ಕೈಗೊಳ್ಳಬೇಕೆಂದು ತಿಳಿಸಿತು. ಈ ಸಂಖ್ಯೆಗಳು ಸರಿಯೇ ತಪ್ಪೇ ಎಂದು ವೈದ್ಯರು ವಾದಿಸಬಹುದು. ನಾಗರಿಕರ ದೃಷ್ಟಿಯಿಂದ ಮುಖ್ಯವಾದದ್ದು ಸಂಖ್ಯೆ ಇದೆ ಎಂಬುದು: ಯಾವಾಗ ಹೇರುತ್ತಾರೆ, ಯಾವಾಗ ತೆಗೆಯುತ್ತಾರೆ ಎಂದು ಮೊದಲೇ ತಿಳಿಯುತ್ತದೆ, ಅಂಗಡಿಯವನು ಲೆಕ್ಕ ಹಾಕಿಕೊಳ್ಳಬಹುದು, ಪತ್ರಕರ್ತ ತಾಳೆ ನೋಡಬಹುದು. ಆದ್ದರಿಂದ ನಿಮ್ಮ ಜಿಲ್ಲೆಯ ಆದೇಶದಲ್ಲಿ ‘ಪಾಸಿಟಿವಿಟಿ ದರ ಇಷ್ಟಕ್ಕಿಂತ ಇಳಿದರೆ ಈ ನಿರ್ಬಂಧ ತೆರವಾಗುತ್ತದೆ’ ಎಂಬ ಸಾಲು ಇಲ್ಲದಿದ್ದರೆ ಅದನ್ನು ಸೇರಿಸಿ ಎಂದು ಕೇಳುವುದು ನೀವು ಇಡಬಹುದಾದ ಅತ್ಯಂತ ಉಪಯುಕ್ತ ಬೇಡಿಕೆ.

ಸಮಾನತೆಯ ಪ್ರಶ್ನೆಯನ್ನು ಪಕ್ಷ, ಜಾತಿ, ಮತ ನೋಡದೆ ಕೇಳಬೇಕು. 2022ರ ಜನವರಿಯಲ್ಲಿ ವಾರಾಂತ್ಯದ ಕರ್ಫ್ಯೂ ಇದ್ದಾಗಲೇ ಮೇಕೆದಾಟು ಪಾದಯಾತ್ರೆ ನಡೆದಾಗ ಹೈಕೋರ್ಟ್ ಅದನ್ನು ನಡೆಸಿದ ಪಕ್ಷವನ್ನೂ ಸುಮ್ಮನಿದ್ದ ಸರ್ಕಾರವನ್ನೂ ಪ್ರಶ್ನಿಸಿತು, ಯಾತ್ರೆ ಅರ್ಧಕ್ಕೆ ನಿಂತಿತು. 2020ರಲ್ಲಿ ಮುಸ್ಲಿಂ ಧಾರ್ಮಿಕ ಸಂಘಟನೆಯಾದ ತಬ್ಲೀಗ್ ಜಮಾತ್‌ನ ವಿದೇಶಿ ಸದಸ್ಯರ ಮೇಲೆ ಹಾಕಿದ್ದ ಪ್ರಕರಣಗಳನ್ನು ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ ಆಗಸ್ಟ್‌ನಲ್ಲಿ ರದ್ದುಪಡಿಸಿತು. ಸೋಂಕಿಗೆ ಒಂದು ಸಮುದಾಯದ ಹೆಸರು ಹಚ್ಚುವ ಆದೇಶವನ್ನಾಗಲಿ, ಮಾತನ್ನಾಗಲಿ ಕಂಡ ದಿನವೇ ಖಂಡಿಸಬೇಕು. ಅದರಿಂದ ಜನ ರೋಗಲಕ್ಷಣ ಮುಚ್ಚಿಡುತ್ತಾರೆ, ಪರೀಕ್ಷೆಗೆ ಬರುವುದಿಲ್ಲ. ಹಕ್ಕಿನ ಜೊತೆಗೆ ಆರೋಗ್ಯವೂ ಕೆಡುತ್ತದೆ.

ಎಲ್ಲವನ್ನೂ ಪ್ರಶ್ನಿಸಬೇಕಾಗಿಲ್ಲ ಎಂಬುದನ್ನೂ ಹೇಳಲೇಬೇಕು. ಸೋಂಕು ದೃಢಪಟ್ಟವರು ಪ್ರತ್ಯೇಕವಾಗಿರುವುದು, ಗಾಳಿಯಾಡದ ಕಡೆ ಗುಂಪು ಸೇರದಿರುವುದು, ಪರೀಕ್ಷೆಗೆ ಸಹಕರಿಸುವುದು, ಮನೆಗೆ ಬರುವ ಆಶಾ ಕಾರ್ಯಕರ್ತೆಗೆ ನಿಜ ಹೇಳುವುದು—ಇವು ನಮ್ಮ ಸ್ವಾತಂತ್ರ್ಯಕ್ಕೆ ಅಡ್ಡಿಯಲ್ಲ, ಪಕ್ಕದ ಮನೆಯ ವೃದ್ಧರ ಬದುಕುವ ಹಕ್ಕಿಗೆ ನಾವು ಕೊಡುವ ಗೌರವ. ಆದೇಶವೊಂದು ಕಾನೂನುಬಾಹಿರ ಎಂದು ನಿಮಗೆ ಅನಿಸಿದರೂ ಅದನ್ನು ಬೀದಿಯಲ್ಲಿ ಮುರಿಯುವುದಕ್ಕಿಂತ ಪಾಲಿಸುತ್ತಲೇ ಬರಹದಲ್ಲಿ ಪ್ರಶ್ನಿಸುವುದು ಉತ್ತಮ. ಸಾಂಕ್ರಾಮಿಕದ ಕಾಲದಲ್ಲಿ ನಿಮ್ಮ ಪ್ರತಿಭಟನೆಯ ಬೆಲೆಯನ್ನು ಬೇರೆ ಯಾರೋ ತೆರಬೇಕಾಗಿ ಬರಬಹುದು.

ಆದೇಶದ ಇನ್ನೊಂದು ಅರ್ಧ

2020ರ ಮಾರ್ಚ್ ಕೊನೆಯಲ್ಲಿ ಕಾಸರಗೋಡಿನಿಂದ ದಕ್ಷಿಣ ಕನ್ನಡಕ್ಕೆ ಬರುವ ರಸ್ತೆಗಳಿಗೆ ಮಣ್ಣು ಸುರಿದು ದಾರಿ ಮುಚ್ಚಲಾಯಿತು. ತಲಪಾಡಿಯಲ್ಲಿ ಆಂಬುಲೆನ್ಸ್‌ಗಳೂ ನಿಂತವು. ಕಾಸರಗೋಡಿನ ಉತ್ತರ ಭಾಗದ ಜನರಿಗೆ, ಅವರಲ್ಲಿ ಕನ್ನಡ, ತುಳು ಮಾತನಾಡುವವರು ಎಷ್ಟೋ ಮಂದಿ, ದೊಡ್ಡ ಆಸ್ಪತ್ರೆಯೆಂದರೆ ತಲೆಮಾರುಗಳಿಂದ ಮಂಗಳೂರೇ. ಕೇರಳ ಹೈಕೋರ್ಟ್ ಏಪ್ರಿಲ್ 1ರಂದು ಹೆದ್ದಾರಿಯ ತಡೆ ತೆರವುಗೊಳಿಸಬೇಕೆಂದಿತು. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಗಿ, ಏಪ್ರಿಲ್ 7ರಂದು ತುರ್ತು ಚಿಕಿತ್ಸೆ ಬೇಕಾದವರನ್ನು ಬಿಡುವ ವ್ಯವಸ್ಥೆಗೆ ಒಪ್ಪಂದವಾಗಿದೆ ಎಂದು ಕೇಂದ್ರ ಸರ್ಕಾರ ತಿಳಿಸಿದ ಮೇಲೆ ಅಲ್ಲಿಗೆ ಮುಗಿಯಿತು. ಕಾಸರಗೋಡಿನಲ್ಲಿ ಆಗ ಸೋಂಕು ಹೆಚ್ಚಿದ್ದುದು ನಿಜ, ಕರ್ನಾಟಕದ ಆತಂಕವೂ ನಿಜ. ಆದರೆ ಗಡಿಯಲ್ಲಿ ತಪಾಸಣೆ ಮಾಡಿ, ಸೋಂಕಿಲ್ಲದ ಹೃದ್ರೋಗಿಯನ್ನು, ಹೆರಿಗೆಯ ಹೆಂಗಸನ್ನು ಒಳಗೆ ಬಿಡುವ ವ್ಯವಸ್ಥೆಯನ್ನು ಮೊದಲ ದಿನವೇ ಆದೇಶದಲ್ಲಿ ಬರೆಯಬಹುದಿತ್ತು. ಮಣ್ಣಿನ ರಾಶಿಗೆ ಯಾರು ರೋಗಿ, ಯಾರು ಅಲ್ಲ ಎಂದು ತಿಳಿಯುವುದಿಲ್ಲ.

ಇನ್ನೊಂದು ಉದಾಹರಣೆ ಇನ್ನೂ ಕಹಿಯಾದದ್ದು. ಅದೇ ವರ್ಷದ ಮೇ 5ರಂದು, ಕಟ್ಟಡ ನಿರ್ಮಾಣ ಉದ್ಯಮದವರೊಂದಿಗೆ ಮುಖ್ಯಮಂತ್ರಿಗಳ ಸಭೆ ನಡೆದ ಬೆನ್ನಲ್ಲೇ, ವಲಸೆ ಕಾರ್ಮಿಕರನ್ನು ಊರಿಗೆ ಒಯ್ಯಬೇಕಿದ್ದ ರೈಲುಗಳು ಬೇಡವೆಂದು ರಾಜ್ಯವು ರೈಲ್ವೆಗೆ ಪತ್ರ ಬರೆಯಿತು. ದೇಶದಾದ್ಯಂತ ಟೀಕೆ ಬಂದು ಎರಡು ದಿನಗಳಲ್ಲಿ ನಿರ್ಧಾರ ಬದಲಾಯಿತು. ರೋಗ ತಡೆಯುವುದಕ್ಕೂ ಆ ಪತ್ರಕ್ಕೂ ಯಾವ ಸಂಬಂಧವೂ ಇರಲಿಲ್ಲ. ದುಡಿಮೆಗಾಗಿ ಮನುಷ್ಯರನ್ನು ಹಿಡಿದಿಡುವುದು ಬಲವಂತದ ದುಡಿಮೆಯನ್ನು ನಿಷೇಧಿಸುವ ಸಂವಿಧಾನದ 23ನೇ ವಿಧಿಯ ಅಂಗಳಕ್ಕೆ ಬರುವ ವಿಷಯ. ಮುಖ್ಯ ನ್ಯಾಯಮೂರ್ತಿ ಅಭಯ್ ಶ್ರೀನಿವಾಸ್ ಓಕಾ ಅವರಿದ್ದ ಹೈಕೋರ್ಟ್ ಪೀಠ ಆ ತಿಂಗಳಲ್ಲಿ ಕಾರ್ಮಿಕರ ಪ್ರಯಾಣ ವೆಚ್ಚದ ಪ್ರಶ್ನೆಯನ್ನು ಕೈಗೆತ್ತಿಕೊಂಡಿತು. ಜೂನ್ 9ರಂದು ಸುಪ್ರೀಂ ಕೋರ್ಟ್ 15 ದಿನಗಳಲ್ಲಿ ವಲಸೆ ಕಾರ್ಮಿಕರನ್ನು ಊರಿಗೆ ತಲುಪಿಸಬೇಕು, ನಡೆದು ಹೊರಟಿದ್ದಕ್ಕಾಗಿ ಅವರ ಮೇಲೆ ಹಾಕಿದ್ದ ಪ್ರಕರಣಗಳನ್ನು ಹಿಂಪಡೆಯುವುದನ್ನು ಪರಿಗಣಿಸಬೇಕು ಎಂದಿತು.

ಆದ್ದರಿಂದ ಯಾವುದೇ ಆದೇಶ ಬಂದಾಗ ಒಂದು ಹಾಳೆಯ ನಡುವೆ ಗೆರೆ ಎಳೆದು, ಎಡಗಡೆ ನಿಷೇಧಗಳನ್ನೂ ಬಲಗಡೆ ಅದಕ್ಕೆ ಎದುರಾಗಿ ಒದಗಿಸಿದ್ದನ್ನೂ ಬರೆಯಿರಿ. ಬಸ್ ನಿಲ್ಲಿಸಿದ್ದರೆ ಡಯಾಲಿಸಿಸ್‌ಗೆ ಹೋಗುವವರು ಹೇಗೆ ಹೋಗಬೇಕು? ಸಂತೆ ನಿಲ್ಲಿಸಿದ್ದರೆ ಟೊಮೆಟೊ ಬೆಳೆದವರು ಎಲ್ಲಿ ಮಾರಬೇಕು? ಶಾಲೆ ಮುಚ್ಚಿದರೆ ಬಿಸಿಯೂಟದ ಅಕ್ಕಿ ಮಕ್ಕಳ ಮನೆಗೆ ಬರುತ್ತದೆಯೇ? ಓಡಾಟದ ಪಾಸ್ ರಾಜ್ಯ ಸರ್ಕಾರದ ಸೇವಾ ಸಿಂಧು ಪೋರ್ಟಲ್‌ನಲ್ಲಿ ಮಾತ್ರ ಸಿಗುವುದಾದರೆ ಸ್ಮಾರ್ಟ್‌ಫೋನ್ ಇಲ್ಲದವರು ಏನು ಮಾಡಬೇಕು? ಬಲಗಡೆ ಖಾಲಿ ಉಳಿದ ಪ್ರತಿಯೊಂದು ಸಾಲೂ ಒಂದು ಬೇಡಿಕೆ. ಅದಕ್ಕೆ ಕಾನೂನಿನ ಬೆಂಬಲವಿದೆ: ವಸತಿ, ಆಹಾರ, ಕುಡಿಯುವ ನೀರು, ವೈದ್ಯಕೀಯ ನೆರವಿನ ಕನಿಷ್ಠ ಮಟ್ಟದ ಬಗ್ಗೆ ವಿಪತ್ತು ನಿರ್ವಹಣಾ ಕಾಯ್ದೆಯ 12ನೇ ಸೆಕ್ಷನ್ ಹೇಳುತ್ತದೆ. 2021ರ ಜೂನ್ 30ರಂದು ಸುಪ್ರೀಂ ಕೋರ್ಟ್ ಈ ಸೆಕ್ಷನ್ನಿನ ಹೊಣೆ ಐಚ್ಛಿಕವಲ್ಲ, ಕಡ್ಡಾಯ ಎಂದು ಹೇಳಿದ್ದರಿಂದಲೇ ಕೋವಿಡ್‌ನಿಂದ ಮೃತಪಟ್ಟವರ ಕುಟುಂಬಗಳಿಗೆ 50,000 ರೂಪಾಯಿ ಪರಿಹಾರದ ದಾರಿ ತೆರೆಯಿತು. ನಿಷೇಧಕ್ಕೆ 51ನೇ ಸೆಕ್ಷನ್ ಇರುವಂತೆ ನೆರವಿಗೆ 12ನೆಯದಿದೆ. ಅಧಿಕಾರಿಗಳು ಮೊದಲನೆಯದನ್ನು ಉಲ್ಲೇಖಿಸಿದಾಗಲೆಲ್ಲ ನೀವು ಎರಡನೆಯದನ್ನು ಉಲ್ಲೇಖಿಸಿ.

ಲಾಕ್‌ಡೌನ್‌ನ ನೆಪದಲ್ಲಿ ರೋಗಕ್ಕೆ ಸಂಬಂಧವಿಲ್ಲದ ಬದಲಾವಣೆಗಳು ನುಸುಳುವುದನ್ನೂ ಗಮನಿಸಬೇಕು. ಗುಜರಾತ್ ಸರ್ಕಾರ ಕಾರ್ಖಾನೆಗಳ ಕೆಲಸದ ಅವಧಿ ಹೆಚ್ಚಿಸಿ, ಹೆಚ್ಚುವರಿ ದುಡಿಮೆಗೆ ದುಪ್ಪಟ್ಟು ಕೂಲಿಯನ್ನೂ ತೆಗೆದುಹಾಕಿದ್ದನ್ನು 2020ರ ಅಕ್ಟೋಬರ್ 1ರಂದು ಸುಪ್ರೀಂ ಕೋರ್ಟ್ ರದ್ದುಪಡಿಸಿತು. ಕರ್ನಾಟಕ ಕೂಡ ಆ ವರ್ಷದ ಮೇ ತಿಂಗಳಲ್ಲಿ ದಿನಕ್ಕೆ 10 ಗಂಟೆ ದುಡಿಸಲು ಅವಕಾಶ ಕೊಟ್ಟು, ವಿಷಯ ಹೈಕೋರ್ಟಿಗೆ ಹೋದ ಮೇಲೆ ಜೂನ್‌ನಲ್ಲಿ ಹಿಂದೆ ಸರಿಯಿತು.

ಹೆಸರು, ವಿಳಾಸ, ಸೆಲ್ಫಿ

2020ರ ಮಾರ್ಚ್‌ನಲ್ಲಿ ನಮ್ಮ ರಾಜ್ಯದಲ್ಲಿ ಮನೆ ಕ್ವಾರಂಟೈನ್‌ನಲ್ಲಿದ್ದವರ ವಿಳಾಸಗಳ ಪಟ್ಟಿಯನ್ನು ಅಂತರ್ಜಾಲದಲ್ಲಿ ಹಾಕಲಾಯಿತು. ಕೈಗೆ ಮುದ್ರೆ ಒತ್ತಲಾಯಿತು. ಬೆಳಿಗ್ಗೆ 7ರಿಂದ ರಾತ್ರಿ 10ರವರೆಗೆ ಗಂಟೆಗೊಮ್ಮೆ ಆ್ಯಪ್‌ನಲ್ಲಿ ಸೆಲ್ಫಿ ಕಳುಹಿಸಬೇಕೆಂದು ಸೂಚಿಸಲಾಯಿತು. ಜುಲೈನಲ್ಲಿ ಬೆಂಗಳೂರಿನ ಅಪಾರ್ಟ್‌ಮೆಂಟ್ ಒಂದರಲ್ಲಿ ಬಿಬಿಎಂಪಿ ಸಿಬ್ಬಂದಿ ಎರಡು ಮನೆಗಳ ಬಾಗಿಲಿಗೆ ಅಡ್ಡಲಾಗಿ ತಗಡಿನ ಹಾಳೆ ಹೊಡೆದು ಹೋದರು. ಒಂದು ಮನೆಯಲ್ಲಿ ತಾಯಿಯೊಂದಿಗೆ ಪುಟ್ಟ ಮಕ್ಕಳು, ಇನ್ನೊಂದರಲ್ಲಿ ವೃದ್ಧ ದಂಪತಿ. ಒಳಗೆ ಗ್ಯಾಸ್ ಸೋರಿದ್ದರೆ, ಬೆಂಕಿ ಹೊತ್ತಿದ್ದರೆ ಅವರು ಹೊರಬರುವ ದಾರಿಯೇ ಇರಲಿಲ್ಲ. ಆಯುಕ್ತರು ಕ್ಷಮೆ ಕೇಳಿ ತಗಡನ್ನು ತೆಗೆಸಿದರು.

ಯಾರಾದರೂ ನಿಮ್ಮ ಮಾಹಿತಿ ಕೇಳಿದಾಗ ಯಾವ ಆದೇಶದ ಮೇರೆಗೆ, ಯಾರು ಇಟ್ಟುಕೊಳ್ಳುತ್ತಾರೆ, ಯಾರಿಗೆ ಕೊಡುತ್ತಾರೆ, ಯಾವಾಗ ಅಳಿಸುತ್ತಾರೆ ಎಂದು ಕೇಳಿ. ಇವು ಬರಿಯ ಅನುಮಾನದ ಪ್ರಶ್ನೆಗಳಲ್ಲ. ಸೋಂಕಿತರ ಸಂಪರ್ಕ ಪತ್ತೆಗೆ ಕೇಂದ್ರ ಸರ್ಕಾರ ತಂದಿದ್ದ ಆರೋಗ್ಯ ಸೇತು ಆ್ಯಪ್ ಇಲ್ಲವೆಂಬ ಕಾರಣಕ್ಕೆ ಸರ್ಕಾರಿ ಸೇವೆ ನಿರಾಕರಿಸುವಂತಿಲ್ಲ ಎಂದು ಕರ್ನಾಟಕ ಹೈಕೋರ್ಟ್ 2020ರ ಅಕ್ಟೋಬರ್‌ನಲ್ಲಿ ಹೇಳಿತು. ತಿಳಿವಳಿಕೆಯ ಒಪ್ಪಿಗೆ ಇಲ್ಲದೆ ಅದರ ಮಾಹಿತಿಯನ್ನು ಇತರ ಇಲಾಖೆಗಳಿಗೆ ಹಂಚುವುದನ್ನು 2021ರ ಜನವರಿ 25ರ ಮಧ್ಯಂತರ ಆದೇಶದಲ್ಲಿ ತಡೆಯಿತು. ಮನೆ ಬಾಗಿಲಿಗೆ ಪೋಸ್ಟರ್ ಅಂಟಿಸುವ ವಿಷಯದಲ್ಲಿಯೂ ಸುಪ್ರೀಂ ಕೋರ್ಟ್ 2020ರ ಡಿಸೆಂಬರ್‌ನಲ್ಲಿ, ವಿಪತ್ತು ನಿರ್ವಹಣಾ ಕಾಯ್ದೆಯಡಿ ಸಕ್ಷಮ ಪ್ರಾಧಿಕಾರ ನಿರ್ದಿಷ್ಟವಾಗಿ ಸೂಚಿಸದ ಹೊರತು ಹಾಗೆ ಮಾಡುವಂತಿಲ್ಲ ಎಂದಿತು. ಲಸಿಕೆಯ ಬಗ್ಗೆ 2022ರ ಮೇ 2ರ ತೀರ್ಪು ಯಾರನ್ನೂ ಬಲವಂತದಿಂದ ಚುಚ್ಚಿಸುವಂತಿಲ್ಲ ಎನ್ನುತ್ತದೆ. ಆದರೆ ಸಮುದಾಯದ ಆರೋಗ್ಯಕ್ಕಾಗಿ ಸಮಂಜಸವಾದ ಷರತ್ತುಗಳನ್ನು ಸರ್ಕಾರ ಹಾಕಬಹುದೆಂದೂ ಅದೇ ತೀರ್ಪು ಹೇಳುತ್ತದೆ. ಎರಡನ್ನೂ ಒಟ್ಟಿಗೆ ಓದಬೇಕು.

ಮಾತಿನ ಸ್ವಾತಂತ್ರ್ಯದ ಬಗ್ಗೆ ಒಂದೇ ಸಂಗತಿ ನೆನಪಿಟ್ಟುಕೊಂಡರೆ ಸಾಕು: ಹಾಸಿಗೆ ಬೇಕು, ಆಮ್ಲಜನಕ ಬೇಕು ಎಂದು ಸಾಮಾಜಿಕ ಜಾಲತಾಣದಲ್ಲಿ ಕೇಳಿಕೊಂಡವರ ಮೇಲೆ ಕ್ರಮ ಕೈಗೊಂಡರೆ ಅದನ್ನು ನ್ಯಾಯಾಂಗ ನಿಂದನೆಯಾಗಿ ಪರಿಗಣಿಸುವುದಾಗಿ ಸುಪ್ರೀಂ ಕೋರ್ಟ್ 2021ರ ಏಪ್ರಿಲ್ 30ರಂದು ಎಚ್ಚರಿಸಿತು. ಸುಳ್ಳು ಹರಡುವುದು ಬೇರೆ, ಕೊರತೆಯನ್ನು ಹೇಳುವುದು ಬೇರೆ.

ಪೊಲೀಸರು ತಡೆದಾಗ

ಹೊರಗೆ ಹೋಗುವುದು ಅನಿವಾರ್ಯವಾದರೆ ಆದೇಶದ ಪ್ರತಿಯನ್ನು ಮೊಬೈಲ್‌ನಲ್ಲಿ ಇಟ್ಟುಕೊಂಡು, ನಿಮಗೆ ವಿನಾಯಿತಿ ಕೊಡುವ ಸಾಲನ್ನು ಗುರುತಿಸಿಕೊಂಡಿರಿ. ಔಷಧ ಚೀಟಿ, ಗುರುತಿನ ಚೀಟಿ ಜೊತೆಗಿರಲಿ. ಬಿಸಿಲಲ್ಲಿ ಹನ್ನೆರಡು ತಾಸು ನಿಂತ ಕಾನ್‌ಸ್ಟೆಬಲ್ ಕೂಡ ಸೋಂಕಿನ ಭಯದಲ್ಲಿಯೇ ಕೆಲಸ ಮಾಡುತ್ತಿರುತ್ತಾರೆ, ಸೌಜನ್ಯದಿಂದ ಮಾತನಾಡಿ. ಆದರೆ ಲಾಠಿಯಿಂದ ಹೊಡೆಯುವುದು, ರಸ್ತೆಯಲ್ಲಿ ಬಸ್ಕಿ ಹೊಡೆಸುವುದು ಇವಾವುವೂ ಯಾವ ಕಾಯ್ದೆಯಲ್ಲಿಯೂ ಶಿಕ್ಷೆಯಾಗಿ ಇಲ್ಲ. ತಮಿಳುನಾಡಿನ ಸಾತ್ತಾಂಕುಳಂನಲ್ಲಿ 2020ರ ಜೂನ್‌ನಲ್ಲಿ, ನಿಗದಿತ ಸಮಯ ಮೀರಿ ಅಂಗಡಿ ತೆರೆದಿದ್ದರು ಎಂಬ ಆರೋಪದ ಮೇಲೆ ಪೊಲೀಸರು ಹಿಡಿದೊಯ್ದ ತಂದೆ ಮತ್ತು ಮಗ ಚಿತ್ರಹಿಂಸೆಗೊಳಗಾಗಿ ಸತ್ತರು. ಸಣ್ಣ ಉಲ್ಲಂಘನೆಗೆ ದೊಡ್ಡ ಕೈ ಎತ್ತುವುದನ್ನು ಜನ ಚಪ್ಪಾಳೆ ತಟ್ಟಿ ನೋಡಿದರೆ ಅದು ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂಬುದನ್ನು ಆ ಪ್ರಕರಣ ತೋರಿಸಿತು.

ದಂಡ ಕಟ್ಟಿದರೆ ರಸೀದಿ, ವಾಹನ ವಶಪಡಿಸಿಕೊಂಡರೆ ಬರಹದಲ್ಲಿ ವಿವರ ಕೇಳಿ ಪಡೆಯಿರಿ. ಆದೇಶ ಉಲ್ಲಂಘನೆಯ ಪ್ರಕರಣ ಈಗ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 223ರ ಅಡಿ ಬರುತ್ತದೆ, ಹಿಂದೆ ಅದು ಐಪಿಸಿ 188 ಆಗಿತ್ತು. ಆದೇಶ ಹೊರಡಿಸಿದ ಅಧಿಕಾರಿ ಅಥವಾ ಅವರ ಮೇಲಧಿಕಾರಿ ಲಿಖಿತ ದೂರು ಕೊಡದೆ ನ್ಯಾಯಾಲಯ ಇದನ್ನು ವಿಚಾರಣೆಗೆ ತೆಗೆದುಕೊಳ್ಳುವಂತಿಲ್ಲ ಎಂಬುದನ್ನು ನಿಮ್ಮ ವಕೀಲರಿಗೆ ನೆನಪಿಸಿ. ಬಂಧಿಸಿದರೆ ಕಾರಣ ತಿಳಿಸಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಸಾಂಕ್ರಾಮಿಕ ಇದ್ದರೂ ಈ ನಿಯಮಕ್ಕೆ ರಜೆ ಇಲ್ಲ.

ಮನವಿ ಬರೆಯುವುದು, ನ್ಯಾಯಾಲಯಕ್ಕೆ ಹೋಗುವುದು

ಕೋಪದಲ್ಲಿ ಬರೆದ ಐದು ಪುಟಗಳಿಗಿಂತ ಒಂದೇ ತೊಂದರೆಯನ್ನು ಹೇಳುವ ಅರ್ಧ ಪುಟ ಬೇಗ ಕೆಲಸ ಮಾಡುತ್ತದೆ. ಜಿಲ್ಲಾಧಿಕಾರಿಗೆ ಬರೆಯುವ ಮನವಿಯ ಒಡಲು ಹೀಗಿರಬಹುದು:

“ತಮ್ಮ ದಿನಾಂಕ ____ರ ಆದೇಶ ಸಂಖ್ಯೆ ____ರಲ್ಲಿ ನಮ್ಮ ವಾರ್ಡಿನ ____ ರಸ್ತೆಯನ್ನು ಕಂಟೇನ್‌ಮೆಂಟ್ ವಲಯವೆಂದು ಘೋಷಿಸಲಾಗಿದೆ. ಸೋಂಕು ತಡೆಯುವ ಈ ಕ್ರಮಕ್ಕೆ ನಿವಾಸಿಗಳು ಸಹಕರಿಸುತ್ತಿದ್ದೇವೆ. ವಲಯದೊಳಗೆ ವಾರಕ್ಕೆ ಮೂರು ಬಾರಿ ಡಯಾಲಿಸಿಸ್ ಮಾಡಿಸಿಕೊಳ್ಳಬೇಕಾದ ಇಬ್ಬರಿದ್ದಾರೆ. ಆದೇಶದಲ್ಲಿ ‘ವೈದ್ಯಕೀಯ ತುರ್ತು’ ಎಂದಷ್ಟೇ ಇರುವುದರಿಂದ ನಿಗದಿತ ಚಿಕಿತ್ಸೆಗೆ ಹೋಗುವವರನ್ನು ತಡೆಯಲಾಗುತ್ತಿದೆ. ಆದ್ದರಿಂದ ನಿಗದಿತ ಚಿಕಿತ್ಸೆಗೂ ವಿನಾಯಿತಿ ನೀಡಿ ತಿದ್ದುಪಡಿ ಆದೇಶ ಹೊರಡಿಸಬೇಕೆಂದೂ, ಹೊಣೆಗಾರ ಅಧಿಕಾರಿಯ ಫೋನ್ ಸಂಖ್ಯೆಯನ್ನು ವಲಯದ ಬಾಗಿಲಲ್ಲಿ ಪ್ರಕಟಿಸಬೇಕೆಂದೂ, ವಲಯ ತೆರವಾಗುವ ದಿನಾಂಕ ಅಥವಾ ಷರತ್ತನ್ನು ತಿಳಿಸಬೇಕೆಂದೂ ಕೋರುತ್ತೇವೆ. ವಿಷಯ ಜೀವಕ್ಕೆ ಸಂಬಂಧಿಸಿದ್ದರಿಂದ 24 ಗಂಟೆಯೊಳಗೆ ಉತ್ತರಿಸಬೇಕೆಂದು ವಿನಂತಿ.”

ಟಪಾಲು ವಿಭಾಗದಲ್ಲಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಮೊಹರು ಹಾಕಿಸಿಕೊಳ್ಳಿ. ಕಚೇರಿ ಮುಚ್ಚಿದ್ದರೆ ಇ-ಮೇಲ್ ಕಳುಹಿಸಿ ಅದರ ಪ್ರತಿಯನ್ನು ತಹಶೀಲ್ದಾರರಿಗೂ ತಾಲ್ಲೂಕು ಆರೋಗ್ಯಾಧಿಕಾರಿಗೂ ಹಾಕಿ. ಮುಂದೆ ನ್ಯಾಯಾಲಯ ಕೇಳುವ ಮೊದಲ ಪ್ರಶ್ನೆ ‘ಅಧಿಕಾರಿಗೆ ಹೇಳಿದ್ದಿರಾ?’ ಎಂಬುದು.

ವಿಪತ್ತು ನಿರ್ವಹಣಾ ಕಾಯ್ದೆಯ 71ನೇ ಸೆಕ್ಷನ್ ಹೈಕೋರ್ಟ್ ಮತ್ತು ಸುಪ್ರೀಂ ಕೋರ್ಟ್ ಬಿಟ್ಟು ಬೇರೆ ನ್ಯಾಯಾಲಯಗಳು ಈ ಆದೇಶಗಳ ವಿರುದ್ಧದ ದಾವೆಗಳನ್ನು ಕೇಳದಂತೆ ತಡೆಯುತ್ತದೆ. ಆದ್ದರಿಂದ ದಾರಿ ಸಂವಿಧಾನದ 226ನೇ ವಿಧಿಯಡಿ ನೇರವಾಗಿ ಹೈಕೋರ್ಟಿಗೆ ಸಲ್ಲಿಸುವ ರಿಟ್ ಅರ್ಜಿ. ಬೆಂಗಳೂರಿನ ಜೊತೆಗೆ ಧಾರವಾಡ ಮತ್ತು ಕಲಬುರಗಿಯಲ್ಲಿ ಹೈಕೋರ್ಟಿನ ಪೀಠಗಳಿವೆ. ಖರ್ಚಿಗೆ ಹೆದರಬೇಕಾಗಿಲ್ಲ: ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಬಂಧನದಲ್ಲಿರುವವರು, ಕೈಗಾರಿಕಾ ಕಾರ್ಮಿಕರು, ಸಾಮೂಹಿಕ ವಿಪತ್ತಿಗೆ ಸಿಲುಕಿದವರು ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರನ್ನು ಪಡೆಯಬಹುದು. ಸಹಾಯವಾಣಿ 15100. ಇಡೀ ಲಾಕ್‌ಡೌನ್ ರದ್ದಾಗಲಿ ಎಂದು ಕೇಳಿದ ಅರ್ಜಿಗಳಿಗಿಂತ ಇಂಥವರಿಗೆ ಪಡಿತರ ಸಿಗುತ್ತಿಲ್ಲ, ಇಂಥ ದಾರಿಯಲ್ಲಿ ರೋಗಿಗಳನ್ನು ಬಿಡುತ್ತಿಲ್ಲ ಎಂದು ಖಚಿತವಾಗಿ ಕೇಳುವ ಅರ್ಜಿಗೆ ನ್ಯಾಯಾಲಯದಲ್ಲಿ ಉತ್ತರ ಸಿಗುವ ಸಾಧ್ಯತೆ ಹೆಚ್ಚು.

ನಿರ್ಬಂಧ ತೆರವಾದ ಮೇಲೆ

ಅಂಗಡಿ ಬಾಗಿಲು ತೆರೆದ ದಿನ ಎಲ್ಲರೂ ಮರೆತುಬಿಡುವ ಕೆಲಸ ಇದು. ನಿಮ್ಮ ಠಾಣೆಯ ವ್ಯಾಪ್ತಿಯಲ್ಲಿ ದಾಖಲಾದ ಉಲ್ಲಂಘನೆ ಪ್ರಕರಣಗಳು ಹಾಗೆಯೇ ಉಳಿದಿದ್ದರೆ, ವರ್ಷಗಳ ನಂತರ ಪಾಸ್‌ಪೋರ್ಟ್ ಅರ್ಜಿ ಹಾಕಿದಾಗಲೋ ಕೆಲಸಕ್ಕೆ ಪೊಲೀಸ್ ಪರಿಶೀಲನೆ ಬಂದಾಗಲೋ ಅವು ಎದುರಾಗುತ್ತವೆ. ಸಂಗ್ರಹಿಸಿದ ವಿಳಾಸ, ಫೋಟೊ, ಓಡಾಟದ ಮಾಹಿತಿ ಎಲ್ಲಿದೆ, ಅಳಿಸಲಾಗಿದೆಯೇ ಎಂದು ಯಾರೂ ತಾವಾಗಿ ಹೇಳುವುದಿಲ್ಲ. ಮಾಹಿತಿ ಹಕ್ಕು ಅರ್ಜಿಯನ್ನು 10 ರೂಪಾಯಿ ಶುಲ್ಕದೊಂದಿಗೆ ಕೊಡಿ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದಗಳೊಳಗೆ ಇರಬೇಕಾದ್ದರಿಂದ, ಜಿಲ್ಲಾಧಿಕಾರಿ ಕಚೇರಿಗೆ ಇನ್ನೂ ಜಾರಿಯಲ್ಲಿರುವ ಆದೇಶಗಳ ಪಟ್ಟಿಗಾಗಿ ಒಂದು, ಪೊಲೀಸ್ ಕಚೇರಿಗೆ ಪ್ರಕರಣಗಳ ಸಂಖ್ಯೆ ಮತ್ತು ಅವುಗಳ ಈಗಿನ ಸ್ಥಿತಿಗಾಗಿ ಒಂದು, ಆರೋಗ್ಯ ಇಲಾಖೆಗೆ ಮಾಹಿತಿ ಅಳಿಸಿದ ದಾಖಲೆಗಾಗಿ ಒಂದು ಎಂದು ಮೂರು ಬೇರೆ ಬೇರೆ ಅರ್ಜಿಗಳನ್ನು ಹಾಕುವುದು ಸರಿ. ಉತ್ತರಕ್ಕೆ 30 ದಿನಗಳ ಗಡುವಿದೆ. ಬಂದ ಉತ್ತರಗಳನ್ನು ಗ್ರಾಮ ಸಭೆಯಲ್ಲಿ ಅಥವಾ ವಾರ್ಡ್ ಸಮಿತಿಯಲ್ಲಿ ಓದಿಸಿ, ಬಾಕಿ ಉಳಿದ ಪ್ರಕರಣಗಳನ್ನು ಹಿಂಪಡೆಯಬೇಕೆಂದು ನಿರ್ಣಯ ಮಾಡಿಸಿ, ಆ ನಿರ್ಣಯದ ಪ್ರತಿಯನ್ನು ಗೃಹ ಇಲಾಖೆಗೂ ನಿಮ್ಮ ಶಾಸಕರಿಗೂ ಕಳುಹಿಸಿ.